ಬಾಗಿಲಿನ ಮಂಚ

"ಮೇಲಿನ ಬಂಗಲೆ ಆಮೇಲೆ ಕಟ್ಟಿದ್ದು. ಕೆಳಗಿನ ಈ ಗೋಡೆ ಮಾತ್ರ ಹಳೇ ಕೋಟೇದು," ಎಂದು ಎಸ್ಟೆಲ್ ಹೇಳುತ್ತಿದ್ದಳು. ಕೆರ್‌ದ್ರೆವೆನ್ ಬಂಗಲೆಯ ಸೊಸೆ ಅವಳು. ಭಾನುವಾರ ಬಂದವರಿಗೆ ಮನೆ ತೋರಿಸುವುದು ಅವಳ ಪಾಲಿನ ಕೆಲಸ. ಬಂದವರೆಲ್ಲ ಕತ್ತೆತ್ತಿ ಕಲ್ಲಿನ ಕಮಾನು ನೋಡುತ್ತಿದ್ದರೆ ಮುದುಕಿ ಫ್ರಾನ್ಸೇಜಾಳ ಕಣ್ಣು ಮಾತ್ರ ಮೂಲೆಯಲ್ಲಿ, ಕಟ್ಟಿದ್ದ ಹಗ್ಗದ ಆಚೆ, ಗೋಡೆಗೆ ಒರಗಿದ್ದ ಓಕ್ ಮರದ ಮಂಚಕ್ಕೆ ಅಂಟಿಕೊಂಡಿತ್ತು. ಕಪಾಟಿನ ಹಾಗೆ ಬಾಗಿಲು ಎಳೆದು ಮುಚ್ಚಿಕೊಂಡು ಮಲಗುವ ಹಳೆಯ ಕಾಲದ ಮಂಚ.

"ನಡಿಯೇ, ಮೇಲೆ ಸೇಬಿನ ಹೆಂಡ ಕೊಡ್ತಾರಂತೆ," ಎಂದ ಗಂಡ ಲೋಮಿಗ್, ಮೊಣಕಾಲು ಉಜ್ಜಿಕೊಳ್ಳುತ್ತ. "ಕಲ್ಲು ನೋಡೋಕೆ ಇಲ್ಲೀವರೆಗೂ ಬರಬೇಕಿತ್ತಾ? ನಮ್ಮ ಹೊಲದಲ್ಲಿ ಏನು ಕಮ್ಮಿ ಇತ್ತು?"

"ಲೋಮಿಗ್, ಅದು ನಮ್ಮ ಮಂಚ."

"ಅಂಥವು ಊರಿಗೆ ನೂರಿದ್ವು ಕಣೇ."

"ಆ ಬಿಳಿ ಕಂಬಿ ನೋಡು."

ಲೋಮಿಗ್ ನೋಡಿದ. ಬಾಗಿಲ ಮೇಲ್ಭಾಗದಲ್ಲಿ ಗಾಳಿಗೆಂದು ಕೂರಿಸಿದ್ದ ಮರದ ಕಂಬಿಗಳೆಲ್ಲ ಹೊಗೆಯ ಬಣ್ಣಕ್ಕೆ ತಿರುಗಿದ್ದವು. ಒಂದು ಮಾತ್ರ ಬಿಳಿಚಿಕೊಂಡಿತ್ತು. ಮೊಣಕಾಲು ಉಜ್ಜುತ್ತಿದ್ದ ಅವನ ಕೈ ನಿಂತಿತು.

ಅಲ್ಲಿದ್ದ ಹಳೆಯ ಕಂಬಿ ಮುರಿದವಳು ಬಾರ್ಬಾ, ಫ್ರಾನ್ಸೇಜಾಳ ಅಕ್ಕ. ಮಲಗಿದಲ್ಲೇ ಕುಣಿತ ಕಲಿಸಿಕೊಡುತ್ತೇನೆಂದು ಕಾಲೆತ್ತಿ ಒದ್ದಿದ್ದಳು. ಅಪ್ಪ ಬೈದುಕೊಂಡೇ ಕೈಗೆ ಸಿಕ್ಕಿದ ಮರ ಕಡೆದು ಬೇರೊಂದನ್ನು ಕೂರಿಸಿದ್ದ. ಅಕ್ಕ ತಂಗಿ ಇಬ್ಬರಿಗೂ ಅದೇ ಹಾಸಿಗೆ. ಬಾಗಿಲು ಎಳೆದುಕೊಂಡರೆ ಹೊರಗಿನ ದನ, ಒಲೆ, ಅಪ್ಪನ ಗೊರಕೆ ಎಲ್ಲ ದೂರವಾಗಿ, ಬಾರ್ಬಾಳ ಪಿಸುಮಾತೊಂದೇ ಉಳಿಯುತ್ತಿತ್ತು. ಪ್ಯಾರಿಸ್ಸಿಗೆ ಮನೆಗೆಲಸಕ್ಕೆ ಹೋದ ಬಾರ್ಬಾ ಮೊದಲ ಚಳಿಗಾಲದಲ್ಲೇ ಎದೆ ಕಟ್ಟಿ ಸತ್ತಳು. ಮಣ್ಣು ಮಾಡಿದ್ದೂ ಅಲ್ಲೇ. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ.

ಮದುವೆಯಲ್ಲಿ ಆ ಮಂಚ ಫ್ರಾನ್ಸೇಜಾಳ ಜೊತೆ ಲೋಮಿಗ್‌ನ ಮನೆಗೆ ಬಂತು. ಆಮೇಲೆ ಆ ಹುಚ್ಚು ವರ್ಷಗಳು ಬಂದವು. ಹಳೆಯ ಓಕ್ ಕೊಟ್ಟರೆ ಹೊಳೆಯುವ ಫಾರ್ಮೈಕಾ ಅಲಮಾರು ಕೊಡುತ್ತೇವೆಂದು ವ್ಯಾಪಾರಿಗಳು ಲಾರಿ ತಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಊರಿಗೆ ಊರೇ ಮನೆ ಖಾಲಿ ಮಾಡಿತು, ಇವರೂ ಮಾಡಿದರು. ಈಗ ಇಷ್ಟು ವಯಸ್ಸಾದ ಮೇಲೆ ಫ್ರಾನ್ಸೇಜಾಳಿಗೆ ಅಕ್ಕನ ಮುಖವೇ ನೆನಪಿಗೆ ಬರುತ್ತಿರಲಿಲ್ಲ. ಮುಖ ಹೋದರೆ ಹೋಗಲಿ, ಆ ಕತ್ತಲಲ್ಲಿ ಒಂದು ಸಲ ಕೂತು ಬಾಗಿಲು ಎಳೆದುಕೊಂಡರೆ ದನಿಯಾದರೂ ಬಂದೀತು ಎಂಬ ಆಸೆ ಅವಳನ್ನು ಬಿಡುತ್ತಿರಲಿಲ್ಲ. ಇಂಥದೊಂದು ಮಂಚ ಇಲ್ಲಿದೆ ಎಂದು ಪಕ್ಕದ ಮನೆಯವಳು ಹೇಳಿದ ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ.

ಉಳಿದವರು ಮೆಟ್ಟಿಲು ಹತ್ತಿ ಹೋಗುವವರೆಗೂ ಕಾದಿದ್ದು ಎಸ್ಟೆಲ್‌ಳ ಹತ್ತಿರ ಹೋದಳು.

"ಮಗಳೇ, ಒಂದೇ ಒಂದು ನಿಮಿಷ ನಾನು ಅದರೊಳಗೆ ಕೂತ್ಕೊಳ್ಲಾ? ಬೂಟು ಬಿಚ್ಚಿಡ್ತೀನಿ."

"ಅಯ್ಯೋ, ಅದು ಹಾಗಲ್ಲಮ್ಮ..." ಎಸ್ಟೆಲ್ ತಡವರಿಸಿದಳು.

"ಬಿಡು ತಾಯಿ," ಎಂದು ಲೋಮಿಗ್ ನಡುವೆ ಬಾಯಿ ಹಾಕಿದ. "ಅದನ್ನ ಲಾರಿಗೆ ಏರಿಸಿದ ಮಹಾನುಭಾವ ನಾನೇ. ಮುರಿದ್ರೆ ನಾನೇ ಬಂದು ಕೂರಿಸ್ಕೊಡ್ತೀನಿ. ಈ ಮುದುಕಿ ಎಷ್ಟು ಭಾರ ಇದ್ದಾಳು!"

ಎಸ್ಟೆಲ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಫ್ರಾನ್ಸೇಜಾ ಹಗ್ಗ ದಾಟಿಯಾಗಿತ್ತು. ಕೈಗೆ ಬಾಗಿಲಿನ ಗುಣ ಗೊತ್ತಿತ್ತು. ಸ್ವಲ್ಪ ಮೇಲಕ್ಕೆತ್ತಿ ಪಕ್ಕಕ್ಕೆ ತಳ್ಳಿದಳು. ಬಾಗಿಲು ಸರಿಯಿತು.

ಒಳಗೆ ಹಾಸಿಗೆಯಿರಲಿಲ್ಲ, ಹಲಗೆಯಿರಲಿಲ್ಲ. ಗೇಣು ದೂರದಲ್ಲೇ ಕೋಟೆಯ ಗೋಡೆ, ಒರಟು ಕಲ್ಲು.

"ನಮ್ಮ ಮಾವ ತಗೊಂಡಾಗಲೇ ಮುಂಭಾಗ ಅಷ್ಟೇ ಇತ್ತಂತಮ್ಮ," ಎಂದಳು ಎಸ್ಟೆಲ್, ತಾನೇ ತಪ್ಪು ಮಾಡಿದವಳಂತೆ. "ಉಳಿದಿದ್ದನ್ನ ಆ ವ್ಯಾಪಾರಿ ಒಲೆಗೆ ಹಾಕಿದ್ನಂತೆ."

ಲೋಮಿಗ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇಷ್ಟು ವರ್ಷ ನೀನು ಒಂದು ಮಾತೂ ಆಡ್ಲಿಲ್ವಲ್ಲೇ."

"ಏನಂತ ಆಡ್ಲಿ? ಹೊಸ ಅಲಮಾರು ಬಂತು ಅಂತ ನಾನೂ ಕುಣಿದಿದ್ದೆ."

ಅವಳು ಒಳಗೆ ಕೈ ಚಾಚಿ ಅಂಗೈಯನ್ನು ಕಲ್ಲಿಗೆ ಒತ್ತಿದಳು. ಥಣ್ಣಗೆ, ತೇವವಾಗಿತ್ತು. ಅಕ್ಕನ ದನಿ ಹುಡುಕಿಕೊಂಡು ಹೋಗಬೇಕಾದ ಜಾಗವೇ ಇನ್ನು ಎಲ್ಲೂ ಇರಲಿಲ್ಲ. ಆದರೂ ಬೇಗ ಕೈ ತೆಗೆಯಲು ಮನಸ್ಸು ಬರಲಿಲ್ಲ. ಮೇಲಿನಿಂದ ಲೋಟಗಳ ಸದ್ದು, ನಗು ಕೇಳಿಸುತ್ತಿದ್ದವು.

ಕೊನೆಗೆ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದಿಷ್ಟೂ ಕಿರುಗುಟ್ಟದ ಹಾಗೆ, ಮೆಲ್ಲಗೆ ಎಳೆದು ಮುಚ್ಚಿದಳು. ಲೋಮಿಗ್ ಏನೋ ಹೇಳಲು ಗಂಟಲು ಸರಿಮಾಡಿಕೊಂಡ. ಅವಳು ತಿರುಗಿ, ಒಳಗೆ ಯಾರೋ ಮಲಗಿದ್ದಾರೆಂಬಂತೆ, ತುಟಿಯ ಮೇಲೆ ಬೆರಳಿಟ್ಟಳು.

ಲೋಮಿಗ್ ಗೋಡೆ ಹಿಡಿದುಕೊಂಡು, ನೋಯುವ ಮೊಣಕಾಲಿನಲ್ಲೇ ತುದಿಗಾಲಲ್ಲಿ, ಬೂಟಿನ ಸದ್ದಾಗದ ಹಾಗೆ ಒಂದೊಂದೇ ಮೆಟ್ಟಿಲು ಹತ್ತತೊಡಗಿದ.