ಅತ್ತೆಯ ಊಟಕ್ಕೆ ನಾಲ್ಕು ಚಕ್ರ

ನನ್ನ ಗಂಡ ಆದಿರಾಜಯ್ಯನವರು ಬೆಂಗಳೂರಿನ ಹರಾಜಿನಲ್ಲಿ ಮಿಲಿಟರಿ ಜೀಪು ಕೊಂಡು ಚನ್ನರಾಯಪಟ್ಟಣಕ್ಕೆ ತಂದ ದಿನ ಬೀದಿಯವರೆಲ್ಲ ಬಂದು ಅದನ್ನು ಮುಟ್ಟಿ ನೋಡಿದರು. ನಾನು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಯುದ್ಧ ಮುಗಿದು ವರ್ಷವಾಗಿತ್ತು. ಅಮೆರಿಕದವರು ಬಿಟ್ಟುಹೋದ ಸಾಮಾನನ್ನೆಲ್ಲ ಸರ್ಕಾರ ಮಾರುತ್ತಿತ್ತು. ತೆಂಗಿನಕಾಯಿ ಮಂಡಿ ನಡೆಸುವವರಿಗೆ ಬಾಗಿಲೇ ಇಲ್ಲದ ಈ ಗಾಡಿ ಯಾಕೆ ಅಂತ ಕೇಳಿದೆ.

"ಇದಕ್ಕೆ ನಾಲ್ಕು ಚಕ್ರವೂ ಎಳೀತದೆ ಕಣೆ ಬ್ರಾಹ್ಮಿ. ಬೇರೆ ಮೋಟಾರಿಗೆ ಹಿಂದಿನ ಎರಡೇ" ಎಂದರು.

ನಾಲ್ಕು ಚಕ್ರವನ್ನೂ ಎಳೆಸುವ ಗಿಡ್ಡ ಲಿವರೊಂದು ಗೇರಿನ ಪಕ್ಕದಲ್ಲಿತ್ತು. ಅದನ್ನು ಹಾಕಿದರೆ ಪೆಟ್ರೋಲು ವಿಪರೀತ ಖರ್ಚಾಗುತ್ತದೆ ಎಂದು ಹರಾಜಿನವನು ಹೆದರಿಸಿದ್ದನಂತೆ. ಆಗ ಪೆಟ್ರೋಲು ರೇಷನ್ನಿನಲ್ಲಿ ಸಿಗುತ್ತಿತ್ತು. ನಮ್ಮವರು ಆ ಲಿವರಿಗೆ ಸೆಣಬಿನ ದಾರ ಸುತ್ತಿ, ಯಾರೂ ಮುಟ್ಟದ ಹಾಗೆ ಸೀಟಿನ ಕಾಲಿಗೆ ಬಿಗಿದು ಕಟ್ಟಿಬಿಟ್ಟರು. ನಾಲ್ಕು ಚಕ್ರಕ್ಕೆ ದುಡ್ಡು ಕೊಟ್ಟು ಎರಡರಲ್ಲಿ ಓಡಾಡುವ ಜಾಣರನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮತ್ತೆ ಮರುದೇವಮ್ಮ ಮೂಡುಬಿದಿರೆಯ ಬಸದಿ ನೋಡಬೇಕೆಂದರು. ಅವರ ಮಗನಿಗೆ, ಅಂದರೆ ನಮ್ಮವರಿಗೆ, ಸಮುದ್ರ ನೋಡುವ ಆಸೆ. ಕಾಡಿನ ದಾರಿಯಲ್ಲಿ ಹೋಗೋಣ, ಅಲ್ಲಲ್ಲಿ ಗುಡಾರ ಹಾಕಿ ಇಳಿದುಕೊಳ್ಳೋಣ ಎಂದು ತೀರ್ಮಾನವಾಯಿತು. ಸಹಾಯಕ್ಕೆ ನಮ್ಮ ಎತ್ತಿನ ಗಾಡಿ ಹೊಡೆಯುವ ಬಾಗೂರಿನ ಬೈರಯ್ಯ ಬಂದ. ಅತ್ತೆ ಬಸದಿಯ ದರ್ಶನವಾಗುವತನಕ ಒಪ್ಪೊತ್ತಿನ ವ್ರತ ಹಿಡಿದರು. ದಿನಕ್ಕೆ ಒಂದೇ ಊಟ, ಅದೂ ಇಳಿದ ಕಡೆ ನಮ್ಮ ಮನೆಯವರೇ ಬೇಯಿಸಿದ್ದಾಗಬೇಕು. ಸೂರ್ಯ ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವವರಲ್ಲ. ಊರಿನಲ್ಲಿ ಬಸದಿಯ ಗಂಟೆ ಕೇಳಿ ಹೊತ್ತು ತಿಳಿಯುತ್ತಿತ್ತು. ಕಾಡಿನಲ್ಲಿ ಗಂಟೆ ಬಾರಿಸುವವರು ಯಾರು ಅನ್ನುವುದು ನಮಗ್ಯಾರಿಗೂ ಹೊಳೆಯಲಿಲ್ಲ.

ಮೊದಲ ದಿನ ನಗುವಿನಲ್ಲೇ ಕಳೆಯಿತು. ಆ ಜೀಪಿನ ಸ್ಟೀರಿಂಗು ಎಡಗಡೆ. ಡ್ರೈವರು ಕೂರಬೇಕಾದ ಬಲಗಡೆಯಲ್ಲಿ ನಮ್ಮತ್ತೆ, ಸೆರಗು ಹೊದ್ದು, ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಹೊಳೆನರಸೀಪುರದ ಸಂತೆ ಬೀದಿಯಲ್ಲಿ ಒಬ್ಬಾತ ಹೊತ್ತಿದ್ದ ಸೌತೆಕಾಯಿ ಬುಟ್ಟಿಯನ್ನು ಕೆಳಗಿಳಿಸಿ ಕೂಗಿದ:

"ನೋಡ್ರಲಾ! ಅಜ್ಜಿ ಮೋಟ್ರು ಓಡುಸ್ತಾವ್ರೆ! ಕೈಯೇ ಇಡ್ಕಂಡಿಲ್ಲ ಕಣ್ಲಾ!"

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಅರಕಲಗೂಡು ದಾಟುವವರೆಗೂ ಅದೇ ಗತ್ತಿನಲ್ಲಿದ್ದರು. ಆ ಸಂಜೆ ಬಿಸಿಲಿರುವಾಗಲೇ ಒಂದು ತೋಪಿನಲ್ಲಿ ಇಳಿದು, ನಾನು ಮಾಡಿದ ಅನ್ನ ಹೆಸರುಬೇಳೆ ತೊವ್ವೆ ತೃಪ್ತಿಯಾಗಿ ಉಂಡರು.

ತಾಪತ್ರಯ ಶುರುವಾದದ್ದು ಎರಡನೆಯ ದಿನ, ಬಿಸಲೆಯ ಕಾಡಿನಲ್ಲಿ. ಮರದ ಮೇಲೆ ಮರ, ಬಳ್ಳಿಯ ಮೇಲೆ ಬಳ್ಳಿ, ಆಕಾಶವೇ ಕಾಣದು. ಒಂದು ಹಳ್ಳ ದಾಟುವಾಗ ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತುಕೊಂಡವು. ಬೈರಯ್ಯ ಹಿಂದಿನಿಂದ ಹೆಗಲು ಕೊಟ್ಟು, ಎತ್ತುಗಳಿಗೆ ಹೇಳುವಂತೆ ಜೀಪಿಗೆ "ಓಯ್, ಓಯ್, ಏಳವ್ವಾ" ಎಂದ. ಅದು ಏಳಲಿಲ್ಲ.

"ರೀ, ಆ ಲಿವರು ಹಾಕಿ" ಎಂದೆ.

"ಪೆಟ್ರೋಲಿಗೆ ನಿಮ್ಮಪ್ಪ ಕೂಪನ್ ಕೊಡ್ತಾರಾ?" ಎಂದರು.

ನಮ್ಮಪ್ಪನ ಹೆಸರು ಬಂದ ಮೇಲೆ ನಾನು ಹೋಗಿ ದೂರದ ಬಂಡೆಯ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಏಲಕ್ಕಿ ಮೂಟೆ ಹೇರಿಕೊಂಡು ಬಂದ ಗಾಡಿಯವರು ಎತ್ತು ಬಿಚ್ಚಿ ಕಟ್ಟಿ ಜೀಪನ್ನು ಎಳೆದು ಹಾಕಿದರು. ಬೈರಯ್ಯನ ಮುಖದಲ್ಲಿ ಏನು ಸಂತೋಷ!

ಅಷ್ಟರಲ್ಲಿ ಕಾಡು ಮಬ್ಬಾಗಿತ್ತು. ಕಾಲಿಗೆಲ್ಲ ಜಿಗಣೆ. ಅತ್ತೆ ಒಂದನ್ನೂ ಸಾಯಿಸಗೊಡಲಿಲ್ಲ. ಒಂದೊಂದನ್ನೂ ಎಲೆಯಲ್ಲಿ ಬಿಡಿಸಿ ಪೊದೆಯ ಮೇಲಿಟ್ಟು, "ಅದೂ ಹೊಟ್ಟೆಪಾಡಿಗೆ ಬಂದದೆ, ಪಾಪ" ಎಂದರು.

"ಅದಕ್ಕೇನಮ್ಮ, ಹೊತ್ತು ಮುಳುಗಿದ ಮೇಲೂ ಉಣ್ತದೆ" ಎಂದು ಮಗ ಗೊಣಗಿದರು.

ಅಡುಗೆಯೇನೋ ಆಯಿತು. ಎಲೆಯ ಮುಂದೆ ಕೂತ ಅತ್ತೆ ತಲೆಯೆತ್ತಿ ನೋಡಿದರು. ಮೇಲೆ ಕಪ್ಪು ಹಸಿರು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಸೂರ್ಯ ಇದಾನಾ?"

"ಇದಾನಮ್ಮ. ನೋಡು, ಐದೂಕಾಲು" ಎಂದು ಮಗ ಕೈಗಡಿಯಾರ ತೋರಿಸಿದರು.

"ಯುದ್ಧದ ಕಾಲದಲ್ಲಿ ಸರ್ಕಾರದೋರು ಗಡಿಯಾರಾನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಲಿಲ್ವೇನೋ? ಸೂರ್ಯ ಅವರ ಮಾತು ಕೇಳಿದ್ನಾ? ಗಡಿಯಾರ ನಂಬಿ ನಾನು ಉಣ್ಣಲ್ಲ ಕಣೋ. ನನ್ನ ಕಣ್ಣಿಗೆ ಕಾಣಬೇಕು."

ಎಲೆ ಮಡಚಿಟ್ಟರು. ನನಗೆ ಅಳು ಬಂತು. ಎಪ್ಪತ್ತು ದಾಟಿದ ಜೀವ, ಹಿಂದಿನ ಸಂಜೆ ಉಂಡದ್ದು. ನಮ್ಮವರ ಮೇಲೆ ಬಂದ ಸಿಟ್ಟಿಗೆ ಆ ತೊವ್ವೆಯನ್ನು ನಾನೇ ಎರಡು ಸಲ ಬಡಿಸಿಕೊಂಡು ಉಂಡೆ.

ಮೂರನೆಯ ದಿನ ಬೆಳಗ್ಗೆಯಿಂದ ಜಡಿಮಳೆ. ಸೌದೆಯೆಲ್ಲ ನೆನೆದು ಒಲೆ ಹೊತ್ತಲಿಲ್ಲ. ಘಟ್ಟ ಇಳಿದು ಸಿಕ್ಕ ಊರುಗಳಲ್ಲಿ ಹೋಟೆಲುಗಳಿದ್ದವು, ಆದರೆ ಅತ್ತೆ ಹೋಟೆಲಿನದು ಮುಟ್ಟುತ್ತಾರೆಯೇ? ಮಳೆಗೆ ಹಿಂದಿನ ಸೀಟಿಗೆ ಬಂದು ನನ್ನ ಪಕ್ಕ ಕೂತಿದ್ದ ಅವರ ತಲೆ ಮಧ್ಯಾಹ್ನದ ಹೊತ್ತಿಗೆ ನನ್ನ ಹೆಗಲಿಗೆ ವಾಲಿತು. "ಏನಿಲ್ಲ ಕಣಮ್ಮ, ನಿದ್ದೆ" ಎಂದರು. ಕೈ ತಣ್ಣಗಿತ್ತು. ನಮ್ಮವರು ತಿರುಗಿ ನೋಡಿ ಜೀಪನ್ನು ಇನ್ನಷ್ಟು ಜೋರಾಗಿ ಓಡಿಸಿದರು. ಇವತ್ತೂ ಉಣ್ಣದಿದ್ದರೆ ಅತ್ತೆಯನ್ನು ಊರಿಗೆ ಹೇಗೆ ಕರೆದುಕೊಂಡು ಹೋಗುವುದು ಎಂಬ ಭಯ ನಮ್ಮಿಬ್ಬರಿಗೂ ಹಿಡಿದಿತ್ತು.

ಮಂಗಳೂರು ದಾಟಿ ಕಡಲ ಕಡೆಯ ತೆಂಗಿನ ತೋಪು ಸೇರಿದಾಗ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಲ್ಲೊಂದು ಮನೆಯವರು ಒಣಗಿದ ತೆಂಗಿನ ಗರಿ, ಬಾವಿ ನೀರು ಎರಡನ್ನೂ ಕೊಟ್ಟರು. ನೀರು ಸೋಸಿ ಅನ್ನಕ್ಕಿಟ್ಟೆ. ಆ ಅಕ್ಕಿ ಬೇಯುವಷ್ಟು ನಿಧಾನವಾಗಿ ಜಗತ್ತಿನಲ್ಲಿ ಯಾವ ಅಕ್ಕಿಯೂ ಬೆಂದಿರಲಾರದು. ಅನ್ನ ಇಳಿಸುವ ಹೊತ್ತಿಗೆ ತೋಪಿನಲ್ಲಿ ನೆರಳು ತುಂಬಿತು. ಎದುರಿಗೆ ಎತ್ತರದ ಮರಳಿನ ದಿಬ್ಬ, ಸೂರ್ಯ ಅದರ ಹಿಂದೆ ಇಳಿದಿದ್ದ.

"ಮುಳುಗಿದ" ಎಂದು ಅತ್ತೆ ಕೈ ಮುಗಿದರು. "ಇರಲಿ ಬಿಡ್ರೋ, ನಾಳೆ ಉಂಡ್ರಾಯ್ತು."

ಹಾಗೆಂದು ಏಳಲು ಹೋದವರಿಗೆ ಏಳಲಾಗಲಿಲ್ಲ.

ಇವರು ಒಂದು ಕ್ಷಣ ತಾಯಿಯನ್ನು ನೋಡಿದರು. ಆಮೇಲೆ ತಾಯಿಯನ್ನು ಎತ್ತಿ ಬಲಗಡೆಯ ಸೀಟಿನಲ್ಲಿ ಕೂರಿಸಿ, "ಬ್ರಾಹ್ಮಿ, ಪಾತ್ರೆ ಹಿಡ್ಕೊಂಡು ಹತ್ತು!" ಎಂದು ಕಿರುಚಿದರು. ಲಿವರಿಗೆ ತಾವೇ ಹಾಕಿದ್ದ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ದಾರ ಹರಿದು ಲಿವರು ಎಳೆದರು. ಜೀಪು ನಾಲ್ಕು ಕಾಲಿನಲ್ಲಿ ನೆಲ ಕಚ್ಚಿ ದಿಬ್ಬಕ್ಕೆ ಏರಿತು. ಮಡಿಲಲ್ಲಿ ಸುಡುಸುಡುವ ಅನ್ನದ ಪಾತ್ರೆ, ಒಂದು ಕೈಯಲ್ಲಿ ತೊವ್ವೆ, ಕಣ್ಣು ಬಾಯಿಗೆಲ್ಲ ಮರಳು. ಹಿಂದೆ ಬೈರಯ್ಯ ನೀರಿನ ತಂಬಿಗೆ ಹಿಡಿದು "ಅತ್ತವ್ವಾ! ಅತ್ತು ನನ್ ತಾಯಿ!" ಎಂದು ಜೀಪನ್ನು ಹುರಿದುಂಬಿಸಿ ಕೂಗುತ್ತ ಓಡಿ ಬರುತ್ತಿದ್ದ.

ದಿಬ್ಬದ ತುದಿಗೆ ಬಂದು ನಿಂತೆವು. ಎದುರಿಗೆ ಸಮುದ್ರ. ಅದರ ಮೇಲೆ, ಇನ್ನೂ ಒಂದು ಮಾರು ಎತ್ತರದಲ್ಲಿ, ಸೂರ್ಯ ಹಾಯಾಗಿ ಕೂತಿದ್ದ.

"ಕಾಣ್ತದಾ ಅಮ್ಮ?" ಎಂದರು ಇವರು.

"ಕಾಣ್ತದೆ ಕಣೋ. ಬಡಿಸಮ್ಮ ಬೇಗ."

ಅವರು ಉಣ್ಣುವುದನ್ನು ನೋಡುತ್ತ ನಾವಿಬ್ಬರೂ ಸಮುದ್ರವನ್ನು ಮರೆತೆವು. ಅತ್ತೆ ಮಾತ್ರ ಸೂರ್ಯನ ಮೇಲಿಟ್ಟ ಕಣ್ಣು ತೆಗೆಯದೆ ತುತ್ತಿನ ಮೇಲೆ ತುತ್ತು ಇಳಿಸಿದರು. ಎಲೆ ಬರಿದಾಗುವುದಕ್ಕೂ ಕೂತಲ್ಲಿಂದ ಸೂರ್ಯ ಮರೆಯಾಗುವುದಕ್ಕೂ ಸರಿಹೋಯಿತು. ನೀರು ಕುಡಿಯುವುದು ಉಳಿದಿತ್ತು.

ಬೈರಯ್ಯ ಬಾನೆಟ್ಟಿನ ಮೇಲೆ ಹತ್ತಿ ನಿಂತಿದ್ದ. "ದೊಡ್ಡಮ್ಮಾವ್ರೆ, ಇನ್ನೂ ಅವ್ನೆ! ಉಗುರಷ್ಟವ್ನೆ!"

ಇವರು ತಾಯಿಯನ್ನು ಎತ್ತಿ ಸೀಟಿನ ಮೇಲೆ ನಿಲ್ಲಿಸಿದರು. ಆ ಉಗುರಷ್ಟು ಸೂರ್ಯ ಅತ್ತೆಯ ಕಣ್ಣಿಗೂ ಬಿದ್ದ. ತಂಬಿಗೆಯೆತ್ತಿ ಗಟಗಟನೆ ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, "ನಮ್ಮೂರಲ್ಲಿ ಕದ್ದು ಹೋಗ್ತಾನೆ, ಇಲ್ಲಿ ಹೇಳಿ ಹೋಗ್ತಾನೆ" ಎಂದರು.

ಮೂಡುಬಿದಿರೆಯ ದರ್ಶನ ಚೆನ್ನಾಗಿ ಆಯಿತು. ಅದು ಮುಗಿದೊಡನೆ ಅತ್ತೆ ಮತ್ತೆ ಆ ದಿಬ್ಬಕ್ಕೇ ಹೋಗಬೇಕೆಂದರು. ಹೋದೆವು. ಅಲ್ಲಿದ್ದಷ್ಟು ದಿನವೂ ಇವರು ಸಂಜೆಯ ಊಟಕ್ಕೆ ತಾಯಿಯನ್ನು ದಿಬ್ಬ ಹತ್ತಿಸಿದರು. ಲಿವರಿಗೆ ಮತ್ತೆ ದಾರ ಕಟ್ಟಲಿಲ್ಲ. ಪೆಟ್ರೋಲಿನ ಮಾತನ್ನು ನಾನೂ ಎತ್ತಲಿಲ್ಲ.

ದಿಬ್ಬ ಹತ್ತಿ ಹತ್ತಿ ಕರಗಿದ್ದ ಪೆಟ್ರೋಲು, ಊರಿಗೆ ಮರಳುವಾಗ ಹೊಳೆನರಸೀಪುರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಪೂರ್ತಿ ಮುಗಿಯಿತು. ಬೈರಯ್ಯ ಹಳ್ಳಿಯಿಂದ ಎತ್ತು ತಂದು ಗಾಡಿಯ ಮೂಕಿಗೆ ಕಟ್ಟುವ ಹಾಗೆ ಜೀಪಿಗೆ ಕಟ್ಟಿದ. ಸಂತೆ ಬೀದಿಗೆ ಬಂದಾಗ ಅದೇ ಸೌತೆಕಾಯಿಯವನು ಅಡ್ಡ ಬಂದ. ಬಲಗಡೆ ಕೂತಿದ್ದ ಅತ್ತೆಯನ್ನು ನೋಡಿ ಮರುಗಿದ:

"ಯಾಕಜ್ಜಿ ಇಂಗಾಯ್ತು? ಚೆಂದಾಗ್ ಓಡುಸ್ಕಂಡ್ ಓಗಿದ್ರಲ್ಲ!"

ನಮ್ಮವರ ಮುಖ ಕೆಂಪಾಗಿ ತಲೆ ತಗ್ಗಿತು. ಅತ್ತೆ ಮಗನ ಬೆನ್ನ ಮೇಲೆ ಕೈಯಿಟ್ಟರು.

"ನನ್ನದೇ ತಪ್ಪು ಕಣಪ್ಪ" ಎಂದರು. "ಸಮುದ್ರ ನೋಡ್ತಾ ನೋಡ್ತಾ ಜಾಸ್ತಿ ಉಂಡ್ಬಿಟ್ಟೆ."