ಶೋಕೇಸ್ ಇಟ್ಟ ಮೂಲೆ

ದಿನ ಕಳೆದರೆ ಸಿಟ್ಟು ಇಳಿಯುತ್ತದೆ ಎನ್ನುವವರು ನನ್ನನ್ನು ಕಂಡಿಲ್ಲ. ನಾನು ಸೆವ್ರಿನ್, ಮಣಿಪಾಲದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಡಾಕ್ಟರ್ ರಘುವೀರರ ಜೊತೆ ಹಳ್ಳಿಗಳ ಶಿಬಿರಕ್ಕೆ ಹೋಗಿ ಹೋಗಿ ಸವೆದವಳು. ಶಿಬಿರದ ದಿನ ನಾವು ನರ್ಸ್‌ಗಳು ಬೆಳಿಗ್ಗೆಯಿಂದ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಆಮೇಲೆ ಹೋಗುವುದೆಲ್ಲಿಗೆ? ಗಂಡಸರಿಗಾದರೆ ಒಂದು ಮರದ ಮರೆ ಸಾಕು. ಹೀಗೆ ತಡೆದು ತಡೆದು ಎರಡು ಸಲ ಮೂತ್ರಕೋಶದ ಸೋಂಕಾಗಿ ನಾನೇ ರೋಗಿಯಾಗಿ ಮಲಗಿದ್ದೇನೆ.

ನಿವೃತ್ತಿಯಾದ ಮೇಲೆ ಹಳೆಯ ರೂಟ್ ಬಸ್ಸೊಂದನ್ನು ಮನೆಯಂತೆ ಮಾಡಿಸಿ, ಐದು ತಿಂಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಉಚಿತ ತಪಾಸಣೆ ಮಾಡೋಣ ಎಂದವಳು ನಾನು. ಡಾಕ್ಟರರ ಟ್ರಸ್ಟ್ ಒಪ್ಪಿತು. ಕಾರ್ಕಳದಲ್ಲಿ ಬಸ್ಸಿಗೆ ಬಾಡಿ ಕಟ್ಟುವ ನನ್ನ ಚಿಕ್ಕಪ್ಪನ ಮಗ ಮೌರಿಸನ ಶೆಡ್ಡಿಗೆ ಬಸ್ಸು ಹೋಯಿತು. ಸೀಟುಗಳನ್ನು ಕಿತ್ತು ನಾಲ್ಕು ಮಂಚ, ಮಾಡಿನ ಮೇಲೆ ನೀರಿನ ಟ್ಯಾಂಕಿ, ಮದ್ದಿನ ಕಪಾಟು, ಕಿಟಕಿಗಳಿಗೆ ಸೊಳ್ಳೆ ಬಲೆ. ಇವೆಲ್ಲಕ್ಕಿಂತ ಮೊದಲು ಹಿಂದಿನ ಮೂಲೆಯಲ್ಲಿ ಸೀಮೆಸುಣ್ಣ ಹಿಡಿದು ನಾನೇ ಗೆರೆ ಎಳೆದದ್ದು ಶೌಚಾಲಯಕ್ಕೆ.

ಒಂದು ವಾರ ಬಿಟ್ಟು ಹೋಗಿ ನೋಡಿದರೆ ಆ ಮೂಲೆಯಲ್ಲಿ ಗಾಜಿನ ಶೋಕೇಸ್! ಡಾಕ್ಟರರ ಸನ್ಮಾನದ ಫಲಕಗಳನ್ನು ಜೋಡಿಸಲಿಕ್ಕೆ.

“ನಾನು ಎಂತ ಮಾಡುವುದು ಸೆವ್ರಿನ್ ಬಾಯಿ? ಡಾಕ್ಟ್ರೇ ಬಂದು ಹೇಳಿ ಹೋದರು” ಎಂದ ಮೌರಿಸ್.

ಅಲ್ಲಿಂದಲೇ ಫೋನ್ ಮಾಡಿದೆ.

“ಬಸ್ಸಿನೊಳಗೆ ಶೌಚಾಲಯ ಅಂದರೆ ವಾಸನೆ ಅಲ್ವಾ ಸಿಸ್ಟರ್?” ಎಂದರು ಡಾಕ್ಟರರು. “ಅದಿಲ್ಲದೆ ಹೆಂಗಸರಿಗೆ ಕಷ್ಟ. ನೀವು ಮತ್ತು ಶಮ್ನಾ ಇಲ್ಲೇ ಇದ್ದು ಔಷಧ ಕಳುಹಿಸಿ ಕೊಡಿ. ನಾವು ಗಂಡಸರು ಹೇಗೋ ಸುಧಾರಿಸುತ್ತೇವೆ.”

ಶಮ್ನಾ ನಮ್ಮ ಜೊತೆ ಹೊರಡಬೇಕಿದ್ದ ಕಾಪುವಿನ ನರ್ಸ್. ವಿಷಯ ತಿಳಿದು ಅವಳು ಅತ್ತಳು. ನಾನು ಅಳಲಿಲ್ಲ. “ಆಯಿತು ಡಾಕ್ಟ್ರೇ” ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟೆ. ಆ ಮೆಲುದನಿ ಕೇಳಿ ಮೌರಿಸ್ ಹೆದರಿದ. ಅವನಿಗೆ ನನ್ನನ್ನು ಚಿಕ್ಕಂದಿನಿಂದ ಗೊತ್ತು.

ಮುಂದಿನ ಭಾನುವಾರ ಕಾರ್ಕಳದಿಂದ ಕಾಪುವಿಗೆ ಪರೀಕ್ಷಾ ಓಟ, ಬಸ್ಸು ಓಡಿಸುವವನು ಮೌರಿಸ್. ಅಲ್ಲಿ ಕಡಲ ಪಕ್ಕ ಶಾಮಿಯಾನ ಹಾಕಿ ಡಾಕ್ಟರರ ಭಾಷಣ. ದಾನಿಗಳ ಮನೆಯ ಎಂಟು ಹೆಂಗಸರನ್ನು ಬಸ್ಸಿಗೆ ಕರೆದವಳು ನಾನು. ಕೇಬಲ್ ಚಾನೆಲಿನ ಕ್ಯಾಮೆರಾದವನನ್ನು ಹತ್ತಿಸಿದವಳೂ ನಾನು. ಗಂಡಸರು ರಸ್ತೆ ಬದಿಯಲ್ಲಿ ನಿಲ್ಲುವ ದಾರಿಯನ್ನು ಮೊದಲು ಮುಚ್ಚಬೇಕಿತ್ತು.

ಹೊರಡುವಾಗ ಎರಡು ಲೋಟ ಬಾರ್ಲಿ ನೀರು ಕೊಟ್ಟೆ. “ಬಿಸಿಲು ಉಂಟು ಡಾಕ್ಟ್ರೇ, ಕುಡಿಯಿರಿ.” ಬೆಳ್ಮಣ್‌ನಲ್ಲಿ ನಿಲ್ಲಿಸಿ ಎರಡು ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟೆ. ಕ್ಯಾಮೆರಾ ನೋಡುತ್ತಾ ನಗುತ್ತಾ ಎಲ್ಲವನ್ನೂ ಕುಡಿದರು. ನಾನು ಅಭ್ಯಾಸದಂತೆ ಒಂದು ಗುಟುಕನ್ನೂ ಮುಟ್ಟಲಿಲ್ಲ.

ಪಡುಬಿದ್ರಿ ದಾಟಿದ ಮೇಲೆ ಡಾಕ್ಟರರು ಕಾಲ ಮೇಲೆ ಕಾಲು ಹಾಕಿದರು. ಆಮೇಲೆ ಕಾಲು ಬದಲಿಸಿದರು.

“ಮೌರಿಸ್, ಸ್ವಲ್ಪ ನಿಲ್ಲಿಸು ಮಾರಾಯ.”

“ಎಂತಕ್ಕೆ ಡಾಕ್ಟ್ರೇ?” ನಾನು ಗಟ್ಟಿಯಾಗಿ ಕೇಳಿದೆ. ಎಂಟು ಹೆಂಗಸರೂ ತಿರುಗಿ ನೋಡಿದರು. ಕ್ಯಾಮೆರಾ ಕೂಡ ತಿರುಗಿತು.

“ಏನಿಲ್ಲ. ಹೋಗು, ಹೋಗು.”

ಸುಳ್ಳು ಯಾಕೆ ಹೇಳಲಿ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಕೂಡ ನನಗೆ ಅಷ್ಟು ಸಿಹಿ ಎನಿಸಿರಲಿಲ್ಲ.

ಕಾಪುವಿನ ಆ ಜಾಗದಲ್ಲಿ ಹತ್ತಿರ ಎಲ್ಲೂ ಮರೆಗೆ ಒಂದು ಗೋಡೆಯಿಲ್ಲ. ಮೈಕ್ ಸಿಕ್ಕಿದರೆ ಒಂದು ಗಂಟೆ ಬಿಡದ ಮನುಷ್ಯ, ಹಣೆಯ ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

“ಸಿಸ್ಟರ್, ಇಲ್ಲಿ ಎಲ್ಲಾದರೂ...”

ಬ್ಯಾಗಿನಿಂದ ಬೀಗದ ಕೈ ತೆಗೆದು ತೋರಿಸಿದೆ. “ಶಮ್ನಾಳ ಚಿಕ್ಕಮ್ಮನ ಮನೆ. ಅವರು ದುಬೈಯಲ್ಲಿದ್ದಾರೆ. ಅಗೋ, ಆ ನೀಲಿ ಗೇಟು. ಮೊದಲು ಮೈಕಿನಲ್ಲಿ ಒಂದು ಮಾತು ಹೇಳಿ ಬನ್ನಿ. ಶೋಕೇಸ್ ತೆಗೆದು ಶೌಚಾಲಯ ಇಡಿಸುತ್ತೇನೆ, ಇಬ್ಬರು ನರ್ಸ್‌ಗಳೂ ಹೊರಡುತ್ತಾರೆ ಅಂತ.”

“ಇದು ಅನ್ಯಾಯ ಅಲ್ವಾ ಸಿಸ್ಟರ್?”

“ಹೌದು ಡಾಕ್ಟ್ರೇ. ನಮಗೆ ಮೂವತ್ತು ವರ್ಷ ಆಯಿತು. ನಿಮಗೆ ಈಗ ಒಂದು ಗಂಟೆ.”

ಮಾತು ತಾಗಿತೋ, ಹೊಟ್ಟೆಯೇ ತಾಳಲಿಲ್ಲವೋ, ದೇವರಿಗೇ ಗೊತ್ತು. ಹೋಗಿ ಮೈಕ್ ಹಿಡಿದು, ನಾನು ಹೇಳಿದ್ದಷ್ಟನ್ನೂ ಒಂದೇ ಉಸಿರಿನಲ್ಲಿ ಒದರಿದರು. ಅವರ ಜೀವನದ ಅತಿ ಚಿಕ್ಕ ಭಾಷಣಕ್ಕೆ ಜೋರಾಗಿ ಚಪ್ಪಾಳೆ ಬಿತ್ತು.

ಬೀಗದ ಕೈ ಕೊಟ್ಟೆ. ಬಿಳಿ ಪಂಚೆ ಎತ್ತಿಕೊಂಡು ಡಾಕ್ಟರರು ನೀಲಿ ಗೇಟಿನ ಕಡೆ ಓಡಿದರು. ಕ್ಯಾಮೆರಾದವನು ಹಿಂದೆಯೇ ಓಡಿದ. ಅವನನ್ನು ತಡೆಯಬಹುದಿತ್ತು. ನಾನು ತಡೆಯಲಿಲ್ಲ.

ಶಮ್ನಾ ನೀರಿನ ಬಾಟಲಿ ಚಾಚಿದಳು. ಅಭ್ಯಾಸಬಲದಿಂದ ಬೇಡವೆಂದು ಕೈ ಅಡ್ಡ ಹಿಡಿದವಳು, ಮತ್ತೆ ಅದನ್ನು ಕಸಿದುಕೊಂಡು ಎಲ್ಲರ ಎದುರು ತಳ ಕಾಣುವವರೆಗೂ ಕುಡಿದೆ.

“ಡಾಕ್ಟ್ರು ಬೀಗದ ಕೈ ವಾಪಸು ತರಲಿ. ಆಮೇಲೆ ಆ ನೀಲಿ ಗೇಟಿಗೆ ನಾವು ಹೋಗುವ” ಎಂದೆ.