ಗುಡುಸಾಬನ ಕುಕ್ಕರುಗಳು

"ಒಂದು ಮಾತು ಸುಳ್ಳಿದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ," ಎನ್ನುತ್ತ ಸಾಯಬಣ್ಣ, ಹೆಣ ಮಲಗಿಸಿದ್ದ ಮಂಚದ ಕೆಳಗೆ ತಲೆ ತೂರಿಸಿದ. "ಹದಿನೇಳು ಮಂದಿಗೆ ಕಣ್ಣಿನ ಆಪರೇಷನ್ ಮಾಡಿಸ್ಯಾನ. ತಲಿಗೊಂದರಂಗ ಹದಿನೇಳು ಕುಕ್ಕರ್. ಎಲ್ಲಿ ಅದಾವ?"

ಗೋರೆಗಾಂವ್‌ನ ಆ ಚಾಳಿನಲ್ಲಿ ಹೆಣದ ಸ್ನಾನಕ್ಕೆ ನೀರು ಕಾಯುತ್ತಿತ್ತು. ಪೈಪ್ ರಿಪೇರಿಯ ಗುಡುಸಾಬ ಬೆಳಿಗ್ಗೆ ಚಹಾ ಕುಡಿಯುತ್ತಲೇ ತೀರಿಹೋಗಿದ್ದ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಅವತ್ತೇ ಎರಡು ಗಂಟೆಗೆ ಹನುಮವ್ವನ ಆಪರೇಷನ್. ಕರೆದೊಯ್ಯಬೇಕಾದವನು ಮಂಚದ ಮೇಲಿದ್ದ. ಇವತ್ತು ತಪ್ಪಿದರೆ ಇನ್ನು ಆರು ತಿಂಗಳು. ಎರಡೂ ಕಣ್ಣಲ್ಲಿ ಪೊರೆ ಕಟ್ಟಿದ ಆಕೆ ಬಾಗಿಲಲ್ಲಿ ಕೂತಿದ್ದಳು. ಮನುಷ್ಯರೆಲ್ಲ ಆಕೆಗೆ ಬರೀ ಹೊಗೆ.

"ಒಂದೂ ಇಲ್ಲೇನೋ?"

"ಇಲ್ಲ ಅತ್ತಿ. ಮಾರಿಕೊಂಡಾನ. ಇಲ್ಲಾ, ಕುಕ್ಕರಿಗಿಂತ ದೊಡ್ಡದೇನೋ ಹೊಡದಾನ. ಪೊರಿ ಒಳಗ ಮುತ್ತು ಇರ್ತೈತಂತ. ಉಂಗುರಕ್ಕ ಕೂಡಸ್ತಾರ."

*

ಎಂಟು ದಿನದ ಹಿಂದೆ ಗುಡುಸಾಬ ನಾಲ್ಕನೆಯ ಸಲ ಹನುಮವ್ವನ ಖೋಲಿಗೆ ಬಂದಿದ್ದ. ಪವಾಯಿಯಲ್ಲಿ ಇಟ್ಟಿಗೆ ಹೊರುವಾಗ ಹಲಗೆ ಕಾಣದೆ ಬಿದ್ದ ಮೇಲೆ ಆಕೆಯ ಕೆಲಸ ಹೋಗಿತ್ತು.

"ಪುಕ್ಕಟ ಮಾಡ್ತಾರ ಅಕ್ಕಾ."

"ಈ ಮುಂಬೈದಾಗ ಪುಕ್ಕಟ ಯಾರು ಏನ್ ಕೊಡ್ತಾರೋ? ಕಣ್ಣ ಕಿತ್ಕೋತಾರ."

ಆತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳಬ್ಯಾಡ. ಒಬ್ಬರನ್ನ ಕರಕೊಂಡು ಹೋದ್ರ ನನಗೊಂದು ಕುಕ್ಕರ್ ಕೊಡ್ತಾರ."

ಹನುಮವ್ವನ ಹೆದರಿಕೆ ಇಳಿಯಿತು. "ಮೊದಲ ಹೇಳಬಾರದೇನೋ ಭಾಡ್ಯಾ? ಬರ್ತೀನಿ."

*

"ಗುಲಶನ," ಹನುಮವ್ವ ಒಳಗಿನ ಹೊಗೆಯತ್ತ ಮುಖ ಮಾಡಿದಳು, "ನಿನ್ನ ಗಂಡ ಕುಕ್ಕರ್ ಎಲ್ಲಿ ಇಟ್ಟಾನವ್ವ?"

"ಯಾವ ಕುಕ್ಕರ್ ಅಕ್ಕಾ?" ಅತ್ತು ಒಣಗಿದ ದನಿ. "ನಮ್ಮ ಬೇಳಿ ಇನ್ನೂ ಬೋಗುಣ್ಯಾಗ ಎರಡು ತಾಸು ಕುದಿತೈತಿ. ಆಸ್ಪತ್ರಿಯವ್ರು ಇವ್ರಿಗೆ ಒಂದು ಕಪ್ ಚಾ ಸುದ್ದಾ ಕುಡಸಿಲ್ಲ."

"ಅದ ನೋಡ್ರಿ!" ಸಾಯಬಣ್ಣ ಹೊರಗೆ ಬಂದ. "ಮಂಚದ ಕೆಳಗ ಗವ್ ಅನ್ನೋ ಕತ್ತಲಿ. ಅಲ್ಲಿ ಸೂಜಿ ಐತಿ, ಕುಕ್ಕರ್ ಮಾತ್ರ ಇಲ್ಲ. ಇದರಾಗೇನೋ ಐತಿ."

"ಕತ್ತಲಾಗ ಸೂಜಿ ಕಾಣ್ತೇನೋ ನಿನಗ?" ಹನುಮವ್ವ ಎದ್ದು ನಿಂತಳು.

"ಕಾಣದ ಏನು? ಹ್ವಾದ ವರ್ಷ ಇವನ ನನ್ನ ಎರಡೂ ಕಣ್ಣಿಗೆ ಆಪರೇಷನ್ ಮಾಡಿಸ್ಯಾನಲ್ಲ. ಆದ್ರ ಅತ್ತಿ, ಆಣಿ ಮಾಡಿ ಹೇಳ್ತೀನಿ, ಆ ಡಾಕ್ಟರ್ ನನ್ನ ಪೊರಿ ತಗದು ಕಿಸೆದಾಗ ಹಾಕ್ಕೊಂಡಿದ್ದು ನಾನ ನನ್ನ ಕಣ್ಣೀಲೆ ನೋ..."

ಹನುಮವ್ವ ಆಗಲೇ ಇಕ್ಕಟ್ಟಿನ ಮೆಟ್ಟಿಲಲ್ಲಿದ್ದಳು. "ರಿಕ್ಷಾ! ಕಣ್ಣಿನ ಆಸ್ಪತ್ರಿ!" ಎಂದು ಅಲ್ಲಿಂದಲೇ ಕೂಗುತ್ತ, ಗೋಡೆ ಸವರುತ್ತ ಇಳಿದಳು. ಹೆಣ ಒಯ್ಯುವ ಖಾಲಿ ಜನಾಜಾ ಹೊತ್ತು ಮೇಲೆ ಬರುತ್ತಿದ್ದ ನಾಲ್ವರು ಅದನ್ನು ನೆಟ್ಟಗೆ ಎತ್ತಿ ಹಿಡಿದು, ಗೋಡೆಗೆ ಅಂಟಿ ನಿಂತು, ಆಕೆಗೆ ದಾರಿ ಬಿಟ್ಟರು.